ಪೂರ್ವದ ಕಿಟಕಿಯೇ ಇಲ್ಲದ ಚರ್ಚು

ಪ್ರಶ್ನೆ: ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದಾಗ ಆಕ್ಸ್‌ಫರ್ಡ್ ಸರ್ಕಸ್ ಹತ್ತಿರ ಮಾರ್ಗರೆಟ್ ಸ್ಟ್ರೀಟ್ ಎಂಬ ಸಣ್ಣ ಬೀದಿಯಲ್ಲಿ ಆಲ್ ಸೇಂಟ್ಸ್ ಚರ್ಚು ನೋಡಿದೆವು. ಹೊರಗೆ ಕೆಂಪು ಇಟ್ಟಿಗೆಗೆ ಕಪ್ಪು ಪಟ್ಟೆ, ಒಳಗೆ ಒಂದಿಂಚೂ ಬಿಡದಂತೆ ಬಣ್ಣ. ನೋಡಿದರೆ ಆರೇಳು ನೂರು ವರ್ಷ ಹಳೆಯದು ಅನ್ನಿಸುತ್ತದೆ, ವಿಚಾರಿಸಿದರೆ ವಿಕ್ಟೋರಿಯಾ ರಾಣಿ ಕಾಲದ್ದು ಎಂದರು. ಹಾಗಾದರೆ ಇದು ಹಳೆಯದರ ನಕಲೇ? ಪಟ್ಟೆಗಳನ್ನು ಆಮೇಲೆ ಬಳಿದದ್ದೇ? ಬೇರೆ ಚರ್ಚುಗಳಲ್ಲಿ ಬಲಿಪೀಠದ ಹಿಂದೆ ಇರುವ ದೊಡ್ಡ ಬಣ್ಣದ ಗಾಜಿನ ಕಿಟಕಿ ಇಲ್ಲೇಕಿಲ್ಲ? ಇದನ್ನು ‘ಪ್ಯಾರಿಷ್ ಚರ್ಚು’ ಅನ್ನುತ್ತಾರಲ್ಲ, ಹಾಗೆಂದರೇನು?

ಉತ್ತರ: ನಿಮ್ಮ ನಾಲ್ಕು ಪ್ರಶ್ನೆಗಳಲ್ಲಿ ಕಿಟಕಿಯದ್ದು ಎಲ್ಲಕ್ಕಿಂತ ಒಳ್ಳೆಯದು. ಅದರಿಂದಲೇ ಶುರು ಮಾಡುತ್ತೇನೆ, ಉಳಿದವು ಅದರ ಬೆನ್ನಿಗೇ ಬರುತ್ತವೆ.

ಆ ಚರ್ಚಿಗೆ ಸಿಕ್ಕ ಜಾಗ ಹೆಚ್ಚುಕಡಿಮೆ ನೂರಡಿ ಉದ್ದ, ನೂರಡಿ ಅಗಲ. ಬೆಂಗಳೂರಿನ ಲೆಕ್ಕದಲ್ಲಿ ಹೇಳುವುದಾದರೆ ಮೂವತ್ತು-ನಲವತ್ತರ ಎಂಟು ಸೈಟು. ಇಷ್ಟರಲ್ಲೇ ಚರ್ಚು, ಪಾದ್ರಿಯ ಮನೆ, ಹಾಡುವ ಹುಡುಗರ ಶಾಲೆ ಮೂರೂ ಆಗಬೇಕಿತ್ತು. ದಕ್ಷಿಣಕ್ಕೆ ಬೀದಿ, ಉತ್ತರಕ್ಕೂ ಪೂರ್ವಕ್ಕೂ ಪಕ್ಕದವರ ಗೋಡೆ. ಕ್ರೈಸ್ತ ಸಂಪ್ರದಾಯದಂತೆ ಬಲಿಪೀಠ ಪೂರ್ವದ ತುದಿಯಲ್ಲಿರಬೇಕು, ಅಲ್ಲಿ ಕಿಟಕಿ ತೆರೆದರೆ ಕಾಣುವುದು ನೆರೆಮನೆಯ ಹಿಂಗೋಡೆ. ಆದ್ದರಿಂದ ವಾಸ್ತುಶಿಲ್ಪಿ ವಿಲಿಯಂ ಬಟರ್‌ಫೀಲ್ಡ್ ಪೂರ್ವದಲ್ಲಿ ಕಿಟಕಿಯ ಆಸೆಯನ್ನೇ ಬಿಟ್ಟ. ಇಡೀ ಗೋಡೆಯನ್ನು ನೆಲದಿಂದ ಮೇಲಿನವರೆಗೆ ಸಾಲುಸಾಲು ಸಂತರ ಚಿತ್ರಗಳಿಗೆ ಬಿಟ್ಟುಕೊಟ್ಟ. ಉತ್ತರದ ಗೋಡೆಯದ್ದೂ ಅದೇ ಪಾಡು, ಅಲ್ಲಿ ಕೆಳಮಟ್ಟದಲ್ಲಿ ಬೆಳಕಿಗೆ ದಾರಿಯಿಲ್ಲ. ಬೆಳಕು ಬರುವುದು ದಕ್ಷಿಣದಿಂದ, ಪಶ್ಚಿಮದಿಂದ, ಮತ್ತೆ ಕಮಾನುಗಳ ಮೇಲೆ ಎತ್ತರದಲ್ಲಿರುವ ಸಣ್ಣ ಕಿಟಕಿಗಳ ಸಾಲಿನಿಂದ. ಒಳಗೆ ಕಾಲಿಟ್ಟ ಕೂಡಲೇ ಕತ್ತಲೆ ಅನ್ನಿಸಿ, ಒಂದೆರಡು ನಿಮಿಷ ಕಳೆದ ಮೇಲೆ ಬಣ್ಣಗಳು ಒಂದೊಂದಾಗಿ ಎದ್ದುಬರುತ್ತವಲ್ಲ, ಅದಕ್ಕೆ ಕಾರಣ ಇದು. ನಾನು ಮೊದಲ ಸಲ ಹೋದಾಗ ಬಾಗಿಲ ಹತ್ತಿರವೇ ನಿಂತು ‘ಇಷ್ಟೇನಾ’ ಅಂದುಕೊಂಡಿದ್ದೆ. ಕಣ್ಣು ಹೊಂದಿಕೊಳ್ಳುವಷ್ಟು ಹೊತ್ತು ಕೂತ ಮೇಲೆ ಆ ಮಾತು ವಾಪಸು ತೆಗೆದುಕೊಂಡೆ.

ಇಷ್ಟು ಇಕ್ಕಟ್ಟಾದ ಜಾಗವನ್ನು ಯಾಕೆ ಆರಿಸಿದರು? ಆರಿಸಿದ್ದಲ್ಲ, ಪರಂಪರೆಯಾಗಿ ಬಂದದ್ದು. ಅಲ್ಲಿ 18ನೇ ಶತಮಾನದಿಂದ ಮಾರ್ಗರೆಟ್ ಚಾಪೆಲ್ ಎಂಬ ಸಾದಾ ಕಟ್ಟಡವಿತ್ತು. 1776ರಲ್ಲಿ ಡೇವಿಡ್ ವಿಲಿಯಮ್ಸ್ ಎಂಬಾತ ಅಲ್ಲಿ ಪವಾಡ, ಶಾಸ್ತ್ರಗ್ರಂಥಗಳ ಹಂಗಿಲ್ಲದ, ಬರೀ ಸೃಷ್ಟಿಕರ್ತನನ್ನು ಒಪ್ಪುವ ಪ್ರಾರ್ಥನೆ ನಡೆಸುತ್ತಿದ್ದ. ಮುಂದೆ ಅದೇ ಜಾಗ ಅದಕ್ಕೆ ತದ್ವಿರುದ್ಧವಾದ ಚಳವಳಿಯ ಕೇಂದ್ರವಾದದ್ದು ಇತಿಹಾಸದ ತಮಾಷೆ.

ಆ ಚಳವಳಿಯ ಕಥೆ ತಿಳಿಯದೆ ಈ ಕಟ್ಟಡ ಅರ್ಥವಾಗುವುದಿಲ್ಲ. 1833ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಜಾನ್ ಕೀಬಲ್ ಮಾಡಿದ ಒಂದು ಪ್ರವಚನದಿಂದ ಆರಂಭವಾಯಿತೆಂದು ಹೇಳುವ ಆಕ್ಸ್‌ಫರ್ಡ್ ಚಳವಳಿಯ ವಾದ ಹೀಗಿತ್ತು: ಇಂಗ್ಲೆಂಡಿನ ಚರ್ಚು ಸರ್ಕಾರದ ಒಂದು ಇಲಾಖೆಯಲ್ಲ, ಅಪೊಸ್ತಲರಿಂದ, ಅಂದರೆ ಯೇಸುವಿನ ಮೊದಲ ಶಿಷ್ಯರಿಂದ, ಹರಿದುಬಂದ ಪರಂಪರೆ ಅದರದ್ದು, ಪ್ರವಚನವೊಂದೇ ಸಾಲದು, ಬಲಿಪೀಠ, ವಿಧಿ, ಸಂಗೀತ, ಸೌಂದರ್ಯ ಎಲ್ಲವೂ ಆರಾಧನೆಯ ಅಂಗ. 1839ರಲ್ಲಿ ಕೇಂಬ್ರಿಡ್ಜ್‌ನ ವಿದ್ಯಾರ್ಥಿಗಳಾಗಿದ್ದ ಜಾನ್ ಮೇಸನ್ ನೀಲ್, ಬೆಂಜಮಿನ್ ವೆಬ್ ಮತ್ತು ಗೆಳೆಯರು ಕೇಂಬ್ರಿಡ್ಜ್ ಕ್ಯಾಮ್ಡೆನ್ ಸೊಸೈಟಿ ಕಟ್ಟಿ ಇದೇ ವಾದವನ್ನು ಕಲ್ಲುಗಾರೆಯ ಭಾಷೆಗೆ ಇಳಿಸಿದರು. ಇಪ್ಪತ್ತರ ಹುಡುಗರ ಆತ್ಮವಿಶ್ವಾಸಕ್ಕೆ ಮೇರೆಯಿರಲಿಲ್ಲ. ದೇಶದ ಯಾವ ಮೂಲೆಯಲ್ಲಿ ಚರ್ಚು ಕಟ್ಟಿದರೂ ಇವರ ಪತ್ರಿಕೆಯಲ್ಲಿ ಅದರ ವಿಮರ್ಶೆ, ಬಹುಪಾಲು ಬೈಗುಳ. 1260ರಿಂದ 1360ರ ನಡುವಿನ ಗಾಥಿಕ್, ಅಂದರೆ ಚೂಪು ಕಮಾನಿನ ಮಧ್ಯಯುಗದ ಶೈಲಿ, ಅದೇ ಸರಿಯಾದದ್ದು, ಉಳಿದದ್ದೆಲ್ಲ ಏರುವ ದಾರಿ ಇಲ್ಲವೇ ಇಳಿಯುವ ದಾರಿ ಎಂಬುದು ಅವರ ತೀರ್ಮಾನ. ಬಾಡಿಗೆಗೆ ಕೊಡುವ, ಬಾಗಿಲು ಹಾಕಿದ ಪೆಟ್ಟಿಗೆಯಂಥ ಆಸನಗಳು ಹೋಗಬೇಕು. ಅಟ್ಟದ ಗ್ಯಾಲರಿಗಳು ಹೋಗಬೇಕು. ಬಲಿಪೀಠದ ಭಾಗ ಉದ್ದವಾಗಿ, ಮೆಟ್ಟಿಲ ಮೇಲೆ, ಜನ ಕೂರುವ ಭಾಗದಿಂದ ಬೇರೆಯಾಗಿ ಕಾಣಬೇಕು. ಜ್ಞಾನಸ್ನಾನದ ತೊಟ್ಟಿ ಬಾಗಿಲ ಬಳಿ ಇರಬೇಕು, ಏಕೆಂದರೆ ಸಭೆಗೆ ಪ್ರವೇಶವೇ ಜ್ಞಾನಸ್ನಾನದಿಂದ. ಇಂದು ನಾವು ‘ಚರ್ಚು ಅಂದರೆ ಹೀಗಿರುತ್ತದೆ’ ಎಂದುಕೊಳ್ಳುವ ಒಳಾಂಗಣದ ನೋಟದಲ್ಲಿ ಬಹಳಷ್ಟು ಈ ಹುಡುಗರ ಹಟದ ಫಲ. ದ್ವಾರ, ನವರಂಗ, ಗರ್ಭಗುಡಿ ಎಂದು ಹೆಜ್ಜೆಹೆಜ್ಜೆಗೆ ಒಳಕ್ಕೆ ಕರೆದೊಯ್ಯುವ ನಮ್ಮ ಗುಡಿಗಳನ್ನು ಬಲ್ಲವರಿಗೆ ಈ ಏರ್ಪಾಡು ಬೇಗ ಹತ್ತುತ್ತದೆ. ಹೋಲಿಕೆಯನ್ನು ತುಂಬ ಎಳೆಯಬಾರದು ಅಷ್ಟೆ. ಇಲ್ಲಿ ಸಭೆ ಗರ್ಭಗುಡಿಯ ಹೊರಗೆ ದರ್ಶನಕ್ಕೆ ನಿಂತ ಜನವಲ್ಲ, ಆರಾಧನೆಯ ಪಾಲುದಾರ.

ಮಾರ್ಗರೆಟ್ ಚಾಪೆಲ್‌ಗೆ 1839ರಲ್ಲಿ ಫ್ರೆಡರಿಕ್ ಓಕ್ಲಿ ಬಂದಾಗ ಅದು ಈ ಹೊಸ ಹಳಬರ ಲಂಡನ್ ಠಾಣೆಯಾಯಿತು. ಮುಂದೆ ಪ್ರಧಾನಿಯಾದ ಗ್ಲಾಡ್‌ಸ್ಟನ್ ಅಲ್ಲಿಗೆ ಬರುತ್ತಿದ್ದ. ಓಕ್ಲಿ 1845ರಲ್ಲಿ ರೋಮನ್ ಕ್ಯಾಥೊಲಿಕ್ ಆಗಿಬಿಟ್ಟ. ವಿರೋಧಿಗಳಿಗೆ ಬೇಕಾದ್ದೂ ಅದೇ: ‘ನೋಡಿ, ಇವರ ದಾರಿ ರೋಮಿಗೇ ಹೋಗುತ್ತದೆ.’ ಅವನ ನಂತರ ಬಂದ ವಿಲಿಯಂ ಅಪ್ಟನ್ ರಿಚರ್ಡ್ಸ್ ಸಭೆಯನ್ನು ಹಿಡಿದು ನಿಲ್ಲಿಸಿದ. ಅಷ್ಟರಲ್ಲಿ ಹೆಸರು ಬದಲಿಸಿಕೊಂಡಿದ್ದ ಕ್ಯಾಮ್ಡೆನ್ ಸೊಸೈಟಿಗೆ ತನ್ನ ತತ್ತ್ವಗಳಿಗೆಲ್ಲ ಮಾದರಿಯಾಗುವ ಒಂದು ಚರ್ಚು ಕಟ್ಟಿಸಬೇಕೆಂಬ ಆಸೆ. ಮಾರ್ಗರೆಟ್ ಚಾಪೆಲ್‌ನವರಿಗೋ ಹೊಸ ಕಟ್ಟಡ ಬೇಕಿತ್ತು. ಎರಡೂ ಕೂಡಿದವು. ಸೊಸೈಟಿಯ ಪರವಾಗಿ ಅಲೆಕ್ಸಾಂಡರ್ ಬೆರೆಸ್‌ಫರ್ಡ್ ಹೋಪ್ ಎಂಬ ಸಿರಿವಂತ ಸಂಸದ ಉಸ್ತುವಾರಿಗೆ ನಿಂತ, ಹೆನ್ರಿ ಟ್ರಿಟನ್ ಎಂಬ ಬ್ಯಾಂಕರ್ ಹಣದ ದೊಡ್ಡ ಪಾಲು ಕೊಟ್ಟ. ಕೊನೆಗೆ ಆದ ಖರ್ಚು ಸುಮಾರು 70,000 ಪೌಂಡ್. ಕೆಲವೇ ಸಾವಿರ ಪೌಂಡಿನಲ್ಲಿ ಒಂದು ಚರ್ಚು ಎದ್ದುನಿಲ್ಲುತ್ತಿದ್ದ ಕಾಲ ಅದು.

1850ರ ನವೆಂಬರ್‌ನಲ್ಲಿ ಅಡಿಗಲ್ಲಿಟ್ಟವರು ಆಕ್ಸ್‌ಫರ್ಡ್ ಚಳವಳಿಯ ಮುಂದಾಳು ಎಡ್ವರ್ಡ್ ಪ್ಯೂಸಿ. ಆ ದಿನಗಳಲ್ಲಿ ಈ ಹೆಸರೇ ಒಂದು ಸವಾಲು. ಅದೇ ವರ್ಷ ಸೆಪ್ಟೆಂಬರ್ ಕೊನೆಗೆ ಪೋಪ್ ಇಂಗ್ಲೆಂಡಿನಲ್ಲಿ ಮತ್ತೆ ಕ್ಯಾಥೊಲಿಕ್ ಬಿಷಪ್ಪರನ್ನು ನೇಮಿಸಿದ್ದರಿಂದ ಬೀದಿಗಳಲ್ಲಿ ಕಿಚ್ಚು ಹತ್ತಿತ್ತು. ಲಂಡನ್ನಿನದೇ ಬಡಾವಣೆ ಪಿಮ್ಲಿಕೋದ ಸೇಂಟ್ ಬಾರ್ನಬಸ್ ಚರ್ಚಿನಲ್ಲಿ ವಿಧಿಗಳ ವಿರುದ್ಧ ಗಲಭೆಯೇ ಆಯಿತು. ಈ ಹಿನ್ನೆಲೆಯಲ್ಲಿ ನೋಡಿದರೆ ಬೀದಿಗೆ ಮುಖ ಕೊಡದೆ, ಕಮಾನಿನ ಬಾಗಿಲ ಹಿಂದೆ, ಪುಟ್ಟ ಅಂಗಳದಾಚೆ ಅಡಗಿ ಕೂತ ಚರ್ಚು ಕೋಟೆಯ ಹಾಗೂ ಕಾಣುತ್ತದೆ. ಅಂಗಳಕ್ಕೆ ಮೂಲ ಕಾರಣ ಜಾಗದ ಅಭಾವವೇ ಇರಬಹುದು, ಆದರೂ ನನಗೆ ಹಾಗೆ ಕಾಣುವುದುಂಟು.

ಈಗ ಪಟ್ಟೆಗಳ ಮಾತು. ಬಳಿದದ್ದಲ್ಲ, ಗೀಚಿದ್ದಲ್ಲ. ಕೆಂಪು ಇಟ್ಟಿಗೆಯ ವರಸೆಗಳ ನಡುವೆ ಕಪ್ಪು ಇಟ್ಟಿಗೆಯ ವರಸೆ ಕೂರಿಸಿ ಕಟ್ಟುತ್ತ ಹೋದದ್ದು. ಅಲ್ಲಲ್ಲಿ ಕಲ್ಲಿನ ಪಟ್ಟಿ, ಅಲ್ಲಲ್ಲಿ ಅಂಕುಡೊಂಕಿನ ವಿನ್ಯಾಸ. ಬಣ್ಣ ಗೋಡೆಯ ಮೇಲಿಲ್ಲ, ಗೋಡೆಯೇ ಬಣ್ಣ. ಬಟರ್‌ಫೀಲ್ಡ್‌ನ ಹಟವೇ ಇದು: ಅಲಂಕಾರ ಬೇಕೆಂದರೆ ಕಟ್ಟುವ ವಸ್ತುವಿನಿಂದಲೇ ಬರಲಿ, ಮೇಲೆ ಹಚ್ಚಿದ ತೇಪೆಯಿಂದ ಬೇಡ. ಒಳಗೂ ಇದೇ ನ್ಯಾಯ. ಕಂಬಗಳು ಸ್ಕಾಟ್ಲೆಂಡಿನ ಪೀಟರ್‌ಹೆಡ್‌ನ ಹೊಳಪಿಟ್ಟ ಕೆಂಪು ಗ್ರಾನೈಟ್. ಕಮಾನುಗಳ ಮೇಲಿನ ಜಾಗದಲ್ಲಿ ಕಲ್ಲನ್ನು ಕೊರೆದು ಬಣ್ಣದ ಮೆತ್ತು ತುಂಬಿದ ವೃತ್ತ, ಎಲೆ, ಚೌಕಗಳು. ಪ್ರವಚನಪೀಠ ಬಗೆಬಗೆಯ ಅಮೃತಶಿಲೆ.

‘ಬಡವರ ವಸ್ತು’ ಎಂದು ಇಟ್ಟಿಗೆಯನ್ನು ಕಡೆಗಣಿಸುತ್ತಿದ್ದ ಕಾಲದಲ್ಲಿ ಮಾದರಿ ಚರ್ಚಿಗೆ ಅದನ್ನೇ ಏಕೆ ಬಳಸಿದರು? ಸೊಸೈಟಿಯವರೂ ಮೊದಮೊದಲು ಕಲ್ಲಿನ ಪಕ್ಷಪಾತಿಗಳೇ, ಹಳ್ಳಿಯ ಹಳೆಯ ಚರ್ಚುಗಳೇ ಅವರ ಆದರ್ಶ. ಆದರೆ ಲಂಡನ್ ಹಳ್ಳಿಯಲ್ಲ. 1801ರಲ್ಲಿ ಹತ್ತು ಲಕ್ಷದ ಆಸುಪಾಸಿದ್ದ ಅದರ ಜನಸಂಖ್ಯೆ 1851ರ ಹೊತ್ತಿಗೆ ಇಪ್ಪತ್ತಮೂರು ಲಕ್ಷ ದಾಟಿತ್ತು. ಪೇಟೆಯ ಚರ್ಚು ಹಳ್ಳಿಯ ಚರ್ಚಿನ ಸೋಗು ಹಾಕಬೇಕಿಲ್ಲ, ಎತ್ತರವಾಗಿ, ಸುತ್ತಲಿನ ಮನೆಗಳ ನಡುವೆ ತಾನು ಬೇರೆ ಎಂದು ಸಾರುವಂತಿರಬೇಕು ಎಂದು 1850ರಲ್ಲೇ ಜಾರ್ಜ್ ಎಡ್ಮಂಡ್ ಸ್ಟ್ರೀಟ್ ಎಂಬ ಇನ್ನೊಬ್ಬ ವಾಸ್ತುಶಿಲ್ಪಿ ವಾದಿಸಿದ. ಉತ್ತರ ಜರ್ಮನಿ, ಇಟಲಿ ಸುತ್ತಿ ಬಂದವರು ಅಲ್ಲಿಯ ಭವ್ಯ ಇಟ್ಟಿಗೆ ಚರ್ಚುಗಳ ಕಥೆ ಹೇಳುತ್ತಿದ್ದರು. ಲಂಡನ್ನಿನ ನೆಲದಡಿ ಇರುವುದು ಜೇಡಿಮಣ್ಣು, ಹಾಗಾಗಿ ಇಟ್ಟಿಗೆಯೇ ಆ ಊರಿನ ಕಲ್ಲು. ಆ ದೇಶದಲ್ಲಿ ಇಟ್ಟಿಗೆಯ ಮೇಲಿದ್ದ ತೆರಿಗೆ ರದ್ದಾದದ್ದೂ 1850ರಲ್ಲೇ. ಆದರೆ ಇದರಿಂದ ಖರ್ಚು ಉಳಿಯಿತು ಎಂದುಕೊಳ್ಳಬೇಡಿ. ಬಟರ್‌ಫೀಲ್ಡ್ ಬಳಸಿದ ಇಟ್ಟಿಗೆ ಎಷ್ಟು ನಯ, ಎಷ್ಟು ಗಟ್ಟಿ ಎಂದರೆ ಅದರ ಬೆಲೆ ಕಲ್ಲಿಗಿಂತ ಹೆಚ್ಚು ಬಿತ್ತು.

ಇನ್ನೊಂದು ವ್ಯಾವಹಾರಿಕ ಲಾಭವೂ ಇತ್ತು. ಆಗಿನ ಲಂಡನ್ನಿನಲ್ಲಿ ಮನೆಮನೆಗೂ ಕಲ್ಲಿದ್ದಲ ಒಲೆ. ಬಿಳಿಗಲ್ಲು ಕೆಲವೇ ವರ್ಷದಲ್ಲಿ ಮಸಿ ಹಿಡಿದು ಕಪ್ಪಾಗುತ್ತಿತ್ತು, ಸುಣ್ಣದ ಗೋಡೆಯ ಚಿತ್ರ ಉದುರುತ್ತಿತ್ತು. ಗಟ್ಟಿ ಇಟ್ಟಿಗೆ, ಹೊಳಪಿನ ಗ್ರಾನೈಟ್, ಸುಟ್ಟ ಹೆಂಚು ಇವನ್ನು ತೊಳೆಯಬಹುದು. ಇದು ಎಷ್ಟು ನಿಜ ಎಂಬುದಕ್ಕೆ ಇದೇ ಚರ್ಚಿನ ಎರಡು ಗೋಡೆಗಳು ಸಾಕ್ಷಿ. ಪೂರ್ವದ ಗೋಡೆಗೆ ಚಿತ್ರ ಬರೆದವನು ವಿಲಿಯಂ ಡೈಸ್, ಆ ಕಾಲದ ಇಂಗ್ಲೆಂಡಿನಲ್ಲಿ ಹಸಿಗಾರೆಯ ಚಿತ್ರಕಲೆಯನ್ನು ಬಲ್ಲ ಬೆರಳೆಣಿಕೆಯವರಲ್ಲಿ ಒಬ್ಬ. ಲಂಡನ್ನಿನ ಹವೆ ಅವನ ಚಿತ್ರಗಳನ್ನು ಉಳಿಯಗೊಡಲಿಲ್ಲ. 1909ರಲ್ಲಿ ನಿನಿಯನ್ ಕಾಂಪರ್ ಮರದ ಹಲಗೆಗಳ ಮೇಲೆ ಅದೇ ಏರ್ಪಾಡಿನಲ್ಲಿ ಹೊಸದಾಗಿ ಬರೆದು ಮುಂದೆ ಕೂರಿಸಿದ. ಅಂದರೆ ನೀವು ನೋಡಿದ್ದು ಕಾಂಪರ್‌ನ ಕೈ, ಡೈಸ್‌ನದು ಅದರ ಹಿಂದಿದೆ. ಉತ್ತರದ ಗೋಡೆಗೆ 1873ರಲ್ಲಿ ಬಟರ್‌ಫೀಲ್ಡ್ ಬೇರೆ ಉಪಾಯ ಹೂಡಿದ. ತೀರಿಕೊಂಡಿದ್ದ ಅಪ್ಟನ್ ರಿಚರ್ಡ್ಸ್‌ನ ನೆನಪಿಗೆಂದು ಅಲೆಕ್ಸಾಂಡರ್ ಗಿಬ್ಸ್ ಎಂಬ ಕಲಾವಿದನಿಂದ ಹೆಂಚಿನ ಬಿಲ್ಲೆಗಳ ಮೇಲೆ ಚಿತ್ರ ಬರೆಸಿ, ಸುಡಿಸಿ, ಗೋಡೆಗೆ ಹೊದಿಸಿದ. ನಡುವೆ ಯೇಸುವಿನ ಜನನ, ಅಕ್ಕಪಕ್ಕ ಹಳೆಯ ಒಡಂಬಡಿಕೆಯ ಪ್ರವಾದಿಗಳು, ಆದಿ ಸಭೆಯ ಗುರುಗಳು. ನೂರೈವತ್ತು ವರ್ಷವಾದರೂ ಬಣ್ಣ ಹಾಗೇ ಇದೆ. ಆ ಹೆಂಚಿನ ಮುಖಗಳು ನನಗೆ ಸ್ವಲ್ಪ ಪೆಚ್ಚು ಅನ್ನಿಸುತ್ತವೆ, ಕಾಂಪರ್‌ನ ನಾಜೂಕಿನ ಮುಂದಂತೂ ನಿಲ್ಲುವುದಿಲ್ಲ. ಆದರೆ ಬಾಳಿಕೆಯ ಪ್ರಶ್ನೆ ಬಂದರೆ ಬಟರ್‌ಫೀಲ್ಡೇ ಗೆದ್ದ.

ನಕಲೇ ಎಂದು ಕೇಳಿದ್ದೀರಿ. ಒಂದೊಂದು ಭಾಗ ಬೇರೆ ತೆಗೆದು ನೋಡಿದರೆ ಮೂಲ ಗುರುತಿಸಬಹುದು. ಕಿಟಕಿಗಳ ಕಲ್ಲಿನ ಜಾಲರಿ 14ನೇ ಶತಮಾನದ ಇಂಗ್ಲೆಂಡಿನದು. ಸ್ಲೇಟು ಹೊದಿಸಿದ ಮೊನೆಗೋಪುರ ಜರ್ಮನಿಯ ಲ್ಯೂಬೆಕ್ ನಗರದ ಚರ್ಚುಗಳನ್ನು ನೆನಪಿಸುತ್ತದೆ. ಪಟ್ಟೆಯ ಹಿಂದೆ ಇಟಲಿಯ ನೆರಳಿದೆ. ಪಶ್ಚಿಮದ ದೊಡ್ಡ ಕಿಟಕಿಯಂತೂ ಬಹಿರಂಗವಾಗಿಯೇ ಇಂಗ್ಲೆಂಡಿನ ವೆಲ್ಸ್ ಕೆಥೆಡ್ರಲ್‌ನ ಜೆಸ್ಸೆಯ ವಂಶವೃಕ್ಷದ (ದಾವೀದನ ತಂದೆ ಜೆಸ್ಸೆಯಿಂದ ಯೇಸುವಿನವರೆಗಿನ ವಂಶಾವಳಿಯ) ಕಿಟಕಿಯನ್ನು ಅನುಸರಿಸಿದ್ದು; ಮೊದಲಿದ್ದ ಫ್ರೆಂಚ್ ಕಲಾವಿದ ಜೆರಾಂತ್‌ನ ಗಾಜನ್ನು ತೆಗೆದು 1877ರಲ್ಲಿ ಗಿಬ್ಸ್ ಮಾಡಿದ ಗಾಜು ಅದು. ಆದರೆ ಇವೆಲ್ಲ ಕೂಡಿದಾಗ 14ನೇ ಶತಮಾನದ ಮನುಷ್ಯ ಕಣ್ಣುಜ್ಜಿಕೊಳ್ಳುವಂಥ ಕಟ್ಟಡವಾಯಿತು. ಮೂರೇ ಅಂಕಣದ ಮೊಟಕಾದ ಸಭಾಂಗಣ, ಅದಕ್ಕೆ ತಾಳವೇ ಇಲ್ಲವೆಂಬಂಥ ಎತ್ತರ, ಅದರ ಪಕ್ಕ 227 ಅಡಿಯ ಗೋಪುರ. ವೆಸ್ಟ್‌ಮಿನ್ಸ್ಟರ್ ಅಬ್ಬೆಯ ಜೋಡಿ ಗೋಪುರಗಳಿಗಿಂತ ಅದು ಎರಡಡಿ ಹೆಚ್ಚು! ಅಡ್ಡಕ್ಕೆ ಬೆಳೆಯಲು ಜಾಗವಿಲ್ಲದ ಕಡೆ ಬಟರ್‌ಫೀಲ್ಡ್ ಕಟ್ಟಡವನ್ನು ಮೇಲಕ್ಕೆ ಬೆಳೆಸಿದ. ಹಳೆಯ ಕಾಲದ ಯಾವ ಮೇಸ್ತ್ರಿಯೂ ಹೀಗೆ ಕಟ್ಟಿರಲಿಲ್ಲ. ಹೊಸ ಕಾಲದ ಕಟ್ಟಡಗಳಲ್ಲಿ ಅಳುಕು, ಅಸಮರ್ಥತೆ ಎರಡೂ ಇಲ್ಲದ ಮೊದಲನೆಯದು ಎಂಬರ್ಥದಲ್ಲಿ ಕಲಾವಿಮರ್ಶಕ ಜಾನ್ ರಸ್ಕಿನ್ ಇದನ್ನು ಹೊಗಳಿದ್ದು 1853ರಲ್ಲಿ, ಕಟ್ಟಡ ಮುಗಿಯುವ ಮುಂಚೆಯೇ. ಎಲ್ಲರಿಗೂ ಹಿಡಿಸಲಿಲ್ಲ. ಉಸ್ತುವಾರಿ ಹೋಪ್‌ಗೇ ಕೊನೆಕೊನೆಗೆ ಈ ಬಣ್ಣಗಳು ಅತಿಯಾದವು ಅನ್ನಿಸಿ ಬಟರ್‌ಫೀಲ್ಡ್‌ನೊಡನೆ ಮನಸ್ತಾಪವಾಯಿತು. 1859ರ ಮೇ 28ರಂದು ಬಿಷಪ್ ಟೇಟ್ ಪ್ರತಿಷ್ಠೆ ಮಾಡುವ ಹೊತ್ತಿಗೆ ಅಡಿಗಲ್ಲಿಟ್ಟು ಎಂಟೂವರೆ ವರ್ಷ ಕಳೆದಿತ್ತು.

ಈ ಬಟರ್‌ಫೀಲ್ಡ್ ಎಂಥವನು? ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯ ಅಂಗಡಿಕಾರನ ಮಗ, 1814ರಲ್ಲಿ ಹುಟ್ಟಿದವನು. ಮನೆಯವರು ಆಂಗ್ಲಿಕನ್ ಪಂಥದವರೇ, ಅಂದರೆ ಇಂಗ್ಲೆಂಡಿನ ಚರ್ಚಿಗೆ ಸೇರಿದವರೇ ಅಲ್ಲ. ಹುಡುಗನಾಗಿದ್ದಾಗ ಪಿಮ್ಲಿಕೋದ ಒಬ್ಬ ಕಟ್ಟಡ ಗುತ್ತಿಗೆದಾರನ ಹತ್ತಿರ ಕೆಲಸ ಕಲಿಯಲು ಸೇರಿದ್ದರಿಂದ ಇಟ್ಟಿಗೆ, ಗಾರೆ, ಮರದ ವಿಷಯದಲ್ಲಿ ಅವನಿಗೆ ಯಾರೂ ಟೋಪಿ ಹಾಕುವಂತಿರಲಿಲ್ಲ. ಮದುವೆಯಾಗಲಿಲ್ಲ, ಪ್ರಚಾರ ಬೇಕಿರಲಿಲ್ಲ. ಆಕ್ಸ್‌ಫರ್ಡ್‌ನ ಕೀಬಲ್ ಕಾಲೇಜು ಅವನ ಇನ್ನೊಂದು ಪಟ್ಟೆ ಸಾಹಸ. ನಮ್ಮ ಮುಂಬೈಯವರು ಅವನ ಕೈಕೆಲಸ ನೋಡಲು ವಿಮಾನ ಹತ್ತಬೇಕಿಲ್ಲ: ಕೊಲಾಬಾದಲ್ಲಿ 1858ರಲ್ಲಿ ಪ್ರತಿಷ್ಠೆಯಾದ ಅಫ್ಘಾನ್ ಚರ್ಚಿನ ನೆಲದ ಹೆಂಚುಗಳ ವಿನ್ಯಾಸ ಅವನದೇ, ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದವು. ಮಾರ್ಗರೆಟ್ ಸ್ಟ್ರೀಟಿಗೂ ಮುಂಬೈಗೂ ಮತ್ತೊಂದು ನಂಟಿದೆ. ಈ ಚರ್ಚಿನ ಆಶ್ರಯದಲ್ಲಿ 1851ರಲ್ಲಿ ಹ್ಯಾರಿಯೆಟ್ ಬ್ರೌನ್‌ಲೋ ಬೈರನ್ ಆರಂಭಿಸಿದ ಸನ್ಯಾಸಿನಿಯರ ಸಂಘದ ಸೋದರಿಯರು ಆ ಶತಮಾನದಲ್ಲೇ ಮುಂಬೈಗೆ ಬಂದು ಆಸ್ಪತ್ರೆ, ಶಾಲೆಗಳಲ್ಲಿ ದುಡಿದರು.

ಉಳಿದದ್ದು ಪ್ಯಾರಿಷ್. ಇಂಗ್ಲೆಂಡಿನ ಹೆಚ್ಚುಕಡಿಮೆ ಪ್ರತಿ ಇಂಚು ನೆಲವೂ ಯಾವುದಾದರೊಂದು ಪ್ಯಾರಿಷ್‌ಗೆ ಸೇರಿದೆ. ನಮ್ಮ ಹೋಬಳಿ, ಗ್ರಾಮಗಳ ಹಾಗೆ ಇದೂ ಗಡಿರೇಖೆಯ ಲೆಕ್ಕ, ಭಕ್ತರ ಪಟ್ಟಿಯಲ್ಲ. ಆ ಗಡಿಯೊಳಗೆ ವಾಸಿಸುವವರ, ಅವರು ಚರ್ಚಿಗೆ ಬರಲಿ ಬಿಡಲಿ, ಆತ್ಮದ ಹೊಣೆ ಅಲ್ಲಿಯ ಪಾದ್ರಿಯದು. ಅಲ್ಲಿ ವಾಸವಿದ್ದರೆ ಆ ಚರ್ಚಿನಲ್ಲಿ ಮದುವೆಯಾಗುವ ಹಕ್ಕಿದೆ. 1538ರಿಂದ ಜ್ಞಾನಸ್ನಾನ, ಮದುವೆ, ಶವಸಂಸ್ಕಾರ ಎಲ್ಲವೂ ಪ್ಯಾರಿಷ್ ಪುಸ್ತಕದಲ್ಲಿ ದಾಖಲಾಗಬೇಕೆಂಬ ನಿಯಮ ಬಂತು. ಬಡವರಿಗೆ ಅನ್ನ ಹಾಕುವ ಹೊಣೆಯೂ 1834ರವರೆಗೆ ಪ್ಯಾರಿಷ್‌ನದೇ. ಕಾರ್ಖಾನೆ ಊರುಗಳು ಉಬ್ಬಿದಾಗ ಈ ಲೆಕ್ಕ ತಪ್ಪಿತು. ನೂರು ಮನೆಗೆಂದು ಗೆರೆ ಎಳೆದ ಪ್ಯಾರಿಷ್‌ನಲ್ಲಿ ಹತ್ತು ಸಾವಿರ ಜನ. 1818ರಲ್ಲಿ ಸಂಸತ್ತು ಹೊಸ ಚರ್ಚುಗಳಿಗೆಂದು ಹತ್ತು ಲಕ್ಷ ಪೌಂಡ್ ಕೊಟ್ಟಿತು. ಮುಂದೆ ಹೆಚ್ಚಿನ ಹಣ ಖಾಸಗಿ ದಾನದಿಂದಲೇ ಬಂತು. ಹಳೆಯ ಪ್ಯಾರಿಷ್‌ಗಳನ್ನು ಸೀಳಿ ಹೊಸವನ್ನು ಮಾಡಿದರು, ಆಲ್ ಸೇಂಟ್ಸ್ ಕೂಡ ಹಾಗೆ ಹುಟ್ಟಿದ್ದು. ಆದರೂ 1851ರ ಮಾರ್ಚ್ 30ರ ಭಾನುವಾರ ಸರ್ಕಾರ ತಲೆ ಎಣಿಸಿದಾಗ ಹೋಗಬಹುದಾಗಿದ್ದ ಲಕ್ಷಾಂತರ ಜನ ಯಾವ ಚರ್ಚಿಗೂ ಹೋಗಿರಲಿಲ್ಲ ಎಂದು ಗೊತ್ತಾಗಿ ವಿಕ್ಟೋರಿಯನ್ನರಿಗೆ ದಿಗಿಲಾಯಿತು. ಆಗ ಮಾರ್ಗರೆಟ್ ಸ್ಟ್ರೀಟಿನಲ್ಲಿ ಗೋಡೆಗಳು ಏಳುತ್ತಿದ್ದವು.

ಅಂಗಳದ ಒಂದು ಬದಿಯ ಹಾಡುವ ಹುಡುಗರ ಶಾಲೆ 1968ರಲ್ಲಿ ಮುಚ್ಚಿತು. ಅಲ್ಲಿ ಕಲಿತವರಲ್ಲಿ ನಟ ಲಾರೆನ್ಸ್ ಒಲಿವಿಯೆ ಒಬ್ಬರು. ಸಂಗೀತ ಮಾತ್ರ ನಿಂತಿಲ್ಲ, ಹ್ಯಾರಿಸನ್ ಕಂಪನಿ 1910ರಲ್ಲಿ ಕಟ್ಟಿಕೊಟ್ಟ ಆರ್ಗನ್ ಈಗಲೂ ಮೊಳಗುತ್ತದೆ.

ಮಗಳ ಮನೆಗೆ ಮತ್ತೆ ಹೋದಾಗ ಬಿಸಿಲಿರುವ ದಿನ ನೋಡಿ, ಮಧ್ಯಾಹ್ನ ಮೂರರ ಮೇಲೆ ಹೋಗಿ. ಪಶ್ಚಿಮದ ಕಿಟಕಿಯಿಂದ ಬಿದ್ದ ಬೆಳಕು ಗ್ರಾನೈಟ್ ಕಂಬಗಳ ಮೇಲೆ ಹೊಳೆದು, ಕಿಟಕಿಯಿಲ್ಲದ ಪೂರ್ವದ ಗೋಡೆಯ ಚಿನ್ನದ ಲೇಪವನ್ನು ಮುಟ್ಟುತ್ತದೆ. ಹೊರಬಂದ ಮೇಲೆ ಅಂಗಳದಲ್ಲಿ ಚರ್ಚಿನ ಗೋಡೆಗೆ ಆನಿಸಿದ ಎತ್ತರದ ಒಂದು ಒತ್ತುಗಂಬ ಸಿಗುತ್ತದೆ. ಉಳಿದವಕ್ಕಿಂತ ಅದೊಂದೇ ಯಾಕೆ ಅಷ್ಟು ಮೇಲೆ ಹೋಗಿದೆ ಎಂದು ಕತ್ತೆತ್ತಿ ನೋಡಿ: ಮೇಲೆ ದೇವದೂತ ಮರಿಯಳಿಗೆ ಸುದ್ದಿ ಹೇಳುತ್ತಿರುವ ಶಿಲ್ಪವಿದೆ. ಬೀದಿಯಲ್ಲಿ ಹೋಗುವ ನೂರರಲ್ಲಿ ತೊಂಬತ್ತೊಂಬತ್ತು ಮಂದಿ ಅದನ್ನು ನೋಡುವುದಿಲ್ಲ.